ಬಾಗಿಲಲ್ಲಿ ನಿಲ್ಲುವ ಸೌಜನ್ಯ

ತರಗತಿಯಲ್ಲಿ ಪಾಠ ನಡೆಯುತ್ತಿದೆ. ಅಧ್ಯಾಪಕರು ಕಪ್ಪುಹಲಗೆಯ ಮೇಲೆ ರೇಖಾಗಣಿತದ ಒಂದು ಪ್ರಮೇಯವನ್ನು ಬಿಡಿಸಿ ತೋರಿಸುತ್ತಿದ್ದಾರೆ. ಅಷ್ಟರಲ್ಲಿ ಶಾಲೆಯ ಜವಾನನು ಸೂಚನಾ ಪುಸ್ತಕವನ್ನು ಹಿಡಿದು ಬಾಗಿಲಿಗೆ ಬರುತ್ತಾನೆ. ಅವನು ತಂದಿರುವುದು ಮುಖ್ಯೋಪಾಧ್ಯಾಯರ ಸೂಚನೆ; ತರಗತಿಯ ಎಲ್ಲರಿಗೂ ತಿಳಿಯಬೇಕಾದ ವಿಷಯ. ಆದರೂ ಅವನು ಒಳಕ್ಕೆ ನುಗ್ಗುವುದಿಲ್ಲ. ಹೊಸ್ತಿಲ ಹೊರಗೇ ನಿಲ್ಲುತ್ತಾನೆ. ಅಧ್ಯಾಪಕರು ಹಿಡಿದ ವಾಕ್ಯವನ್ನು ಮುಗಿಸಿ, ಸೀಮೆಸುಣ್ಣವನ್ನು ಕೆಳಗಿಟ್ಟು, ತನ್ನತ್ತ ತಿರುಗುವವರೆಗೆ ಕಾಯುತ್ತಾನೆ. ಹೀಗೆ ನಿಲ್ಲಬೇಕೆಂದು ಅವನಿಗೆ ಯಾವ ಗ್ರಂಥವೂ ಕಲಿಸಿಲ್ಲ. ಮತ್ತೊಬ್ಬರು ಮನಸ್ಸಿಟ್ಟು ಮಾಡುತ್ತಿರುವ ಕೆಲಸಕ್ಕೆ ಸಲ್ಲಬೇಕಾದ ಗೌರವ ಅದು ಎಂಬುದನ್ನು ಅವನು ಲೋಕಾನುಭವದಿಂದಲೇ ಅರಿತಿದ್ದಾನೆ.

ಇದಕ್ಕೆ ಬದಲಾಗಿ ಆ ಜವಾನನು ಸರಸರನೆ ಒಳಬಂದು, ಕಪ್ಪುಹಲಗೆಗೂ ಅಧ್ಯಾಪಕರ ಕೈಗೂ ನಡುವೆ ತನ್ನ ಪುಸ್ತಕವನ್ನು ಒಡ್ಡಿದನೆನ್ನೋಣ. ಹಲಗೆಯ ಮೇಲೆ ಬೀಳಬೇಕಾಗಿದ್ದ ಅಕ್ಷರವು ಪುಸ್ತಕದ ಮೇಲೆ ಬಿದ್ದಿತೆನ್ನೋಣ. ಆ ಗೀಟನ್ನೇ ಅಧ್ಯಾಪಕರ ರುಜುವೆಂದು ಭಾವಿಸಿ, ‘ಒಪ್ಪಿಗೆ ದೊರೆಯಿತು’ ಎಂದು ಅವನು ಹೊರಟುಹೋದನೆನ್ನೋಣ. ಅಂಥವನನ್ನು ಯಾವ ಶಾಲೆಯೂ ಒಂದು ದಿನದ ಮಟ್ಟಿಗೂ ಸಹಿಸಲಾರದು. ಆದರೆ ಇದೇ ಬಗೆಯ ವರ್ತನೆಯನ್ನು ಇಂದು ಅಸಂಖ್ಯಾತ ಜನರು ಪ್ರತಿದಿನವೂ ಸಹಿಸುತ್ತಿದ್ದಾರೆ. ಹಾಗೆ ವರ್ತಿಸುತ್ತಿರುವವನು ಮನುಷ್ಯನಲ್ಲ. ಮನುಷ್ಯನ ಸೇವೆಗೆಂದೇ ನಿರ್ಮಿತವಾದ ಗಣಕಯಂತ್ರ.

ಗಣಕಯಂತ್ರವು ಮೊದಲಿನಿಂದಲೂ ಹೀಗಿರಲಿಲ್ಲ. ಹಿಂದೆ ಅದರ ಮುಂದೆ ಕುಳಿತವನು ಅಕ್ಷರಗಳಲ್ಲಿ ಒಂದು ಆಜ್ಞೆಯನ್ನು ಬರೆಯುತ್ತಿದ್ದನು. ಯಂತ್ರವು ಅದಕ್ಕೆ ಉತ್ತರವನ್ನು ಕೊಟ್ಟು, ಮುಂದಿನ ಆಜ್ಞೆಗಾಗಿ ಸುಮ್ಮನೆ ಕಾಯುತ್ತಿತ್ತು. 1968ರ ಡಿಸೆಂಬರ್ 9ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಡಗ್ಲಾಸ್ ಎಂಗೆಲ್‌ಬರ್ಟ್ ಎಂಬ ವಿಜ್ಞಾನಿ ಮೌಸ್ ಎಂಬ ಪುಟ್ಟ ಸಾಧನವನ್ನು ಸಾರ್ವಜನಿಕವಾಗಿ ಪ್ರದರ್ಶಿಸಿ ಹೊಸ ಯುಗವೊಂದಕ್ಕೆ ನಾಂದಿ ಹಾಡಿದರು. 1973ರಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಆಲ್ಟೊ ಎಂಬ ಯಂತ್ರ ಸಿದ್ಧವಾಯಿತು. ಮೇಜಿನ ಮೇಲೆ ಒಂದರ ಮೇಲೊಂದು ಹರಡಿದ ಕಾಗದಗಳಂತೆ ಪರದೆಯ ಮೇಲೆ ಹಲವು ಚೌಕಗಳನ್ನು ತೆರೆದಿಡುವ ಕಲ್ಪನೆ ಅಲ್ಲಿಯೇ ಬೆಳೆಯಿತು. ಆ ಚೌಕಗಳಿಗೆ ‘ಕಿಟಕಿ’ ಎಂಬ ಹೆಸರು ಬಂದಿತು. 1984ರಲ್ಲಿ ಆ್ಯಪಲ್ ಸಂಸ್ಥೆಯ ಮ್ಯಾಕಿಂಟಾಷ್, 1985ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಈ ಕಿಟಕಿಗಳನ್ನು ಸಾಮಾನ್ಯ ಜನರ ಬಳಿಗೆ ತಂದವು. ಇದರಿಂದಾದ ಉಪಕಾರ ಅಪಾರ. ಆಜ್ಞೆಗಳನ್ನು ಬಾಯಿಪಾಠ ಮಾಡದವರೂ ಯಂತ್ರವನ್ನು ನಡೆಸಬಲ್ಲವರಾದರು.

ಆದರೆ ಈ ಉಪಕಾರದ ಒಡಲಲ್ಲಿಯೇ ಒಂದು ತೊಡಕೂ ಅಡಗಿತ್ತು. ಕಿಟಕಿಗಳು ಹಲವಾದರೂ ಕೀಲಿಮಣೆ ಒಂದೇ. ಒತ್ತಿದ ಅಕ್ಷರವು ಯಾವ ಕಿಟಕಿಗೆ ಸೇರಬೇಕು? ಒಂದು ಸಮಯದಲ್ಲಿ ಒಂದು ಕಿಟಕಿಗೆ ಮಾತ್ರ ಅಕ್ಷರಗಳನ್ನು ಪಡೆಯುವ ಹಕ್ಕಿರುತ್ತದೆಂದು ವ್ಯವಸ್ಥೆ ಮಾಡಲಾಯಿತು. ಈ ಹಕ್ಕಿಗೆ ತಂತ್ರಜ್ಞರು ‘ಫೋಕಸ್’ ಎನ್ನುತ್ತಾರೆ. ಕುಳಿತವನು ತಾನೇ ಮೌಸಿನಿಂದ ಒಂದು ಕಿಟಕಿಯನ್ನು ಆರಿಸಿದಾಗ ಹಕ್ಕು ಅದಕ್ಕೆ ಸೇರುವುದು ನ್ಯಾಯವಾಗಿದೆ. ಆದರೆ ಯಾರೂ ಕೇಳದಿದ್ದರೂ ಒಂದು ತಂತ್ರಾಂಶವು ತಟಕ್ಕನೆ ತನ್ನ ಕಿಟಕಿಯನ್ನು ಮುಂದಕ್ಕೆ ತಳ್ಳಿ, ಆ ಹಕ್ಕನ್ನು ತನ್ನದಾಗಿಸಿಕೊಳ್ಳುವುದುಂಟು. ಹೀಗೆ ದಿಢೀರನೆ ಎದ್ದು ಬರುವುದಕ್ಕೆ ‘ಪಾಪ್-ಅಪ್’ ಎಂದು ಹೆಸರು. ಹಕ್ಕನ್ನು ಕಸಿದುಕೊಳ್ಳುವುದಕ್ಕೆ ‘ಫೋಕಸ್ ಕಳವು’ ಎಂದು ಹೆಸರು. ಕಳವು ಎಂಬ ಮಾತು ಕಟುವಾಗಿ ಕಂಡರೂ ಉಚಿತವಾದದ್ದೇ. ಒಡೆಯನ ಅರಿವಿಗೆ ಬಾರದಂತೆ ಅವನದನ್ನು ಒಯ್ಯುವುದಕ್ಕೆ ಬೇರೆ ಹೆಸರಾದರೂ ಏನಿದೆ?

ಕಚೇರಿಯೊಂದರಲ್ಲಿ ಕುಳಿತು ಕೈಬರಹದ ಪಟ್ಟಿಯನ್ನು ನೋಡಿ ಬೆರಳಚ್ಚು ಮಾಡುತ್ತಿರುವ ಗುಮಾಸ್ತನನ್ನು ಊಹಿಸಿಕೊಳ್ಳಬಹುದು. ಬೆರಳಚ್ಚಿನಲ್ಲಿ ನುರಿತವನ ಕಣ್ಣು ಕಾಗದದ ಮೇಲಿರುತ್ತದೆಯೇ ಹೊರತು ಪರದೆಯ ಮೇಲಿರುವುದಿಲ್ಲ. ಬೆರಳುಗಳು ತಮ್ಮಷ್ಟಕ್ಕೆ ತಾವೇ ಓಡುತ್ತಿರುತ್ತವೆ. ಅಷ್ಟರಲ್ಲಿ ಪರದೆಯ ಮೇಲೆ ಒಂದು ಪ್ರಶ್ನೆ ಎದ್ದು ನಿಲ್ಲುತ್ತದೆ: ‘ಯಂತ್ರವನ್ನು ಈಗಲೇ ಮರುಚಾಲನೆ ಮಾಡಬೇಕೆ?’ ಅದನ್ನು ಅವನು ನೋಡಿಯೇ ಇಲ್ಲ. ಎರಡು ಪದಗಳ ನಡುವೆ ತೆರಪು ಬಿಡಲು ಅವನು ಒತ್ತಿದ ಕೀಲಿಯೇ ಆ ಪ್ರಶ್ನೆಗೆ ‘ಹೌದು’ ಎಂಬ ಉತ್ತರವಾಗಿ ಪರಿಣಮಿಸುತ್ತದೆ. ಕಣ್ಣೆತ್ತಿ ನೋಡುವ ವೇಳೆಗೆ ಕಿಟಕಿಗಳು ಒಂದೊಂದಾಗಿ ಮುಚ್ಚುತ್ತಿರುತ್ತವೆ. ಉಳಿಸಿಕೊಳ್ಳದ ಬರವಣಿಗೆ ಕೈಬಿಟ್ಟು ಹೋಗಿರುತ್ತದೆ. ಇನ್ನೊಮ್ಮೆ ಅವನು ಗುಪ್ತಪದವನ್ನು ಬರೆಯುತ್ತಿರುವಾಗ ಸ್ನೇಹಿತನೊಡನೆ ಹರಟುವ ಕಿಟಕಿಯೊಂದು ಮೇಲೆದ್ದು ಬರುತ್ತದೆ. ಚುಕ್ಕೆಗಳಾಗಿ ಮರೆಯಾಗಬೇಕಾಗಿದ್ದ ಅಕ್ಷರಗಳು ಅಲ್ಲಿ ಎಲ್ಲರೂ ಓದುವಂತೆ ಮೂಡುತ್ತವೆ. ಬಾಣವನ್ನು ಬಿಟ್ಟ ಮೇಲೆ ಗುರಿಯನ್ನು ಬದಲಿಸಿದರೆ ಎಂಥ ಬಿಲ್ಲುಗಾರನಾದರೂ ಏನು ಮಾಡಿಯಾನು?

ಒತ್ತಿದ ಅಕ್ಷರವು ಬೇರೊಂದು ಅರ್ಥವನ್ನು ತಳೆದರೆ ಏನಾಗುತ್ತದೆಂಬುದಕ್ಕೆ ಗಣಕಯಂತ್ರದ ಚರಿತ್ರೆಯಲ್ಲಿಯೇ ಪ್ರಸಿದ್ಧವಾದ ನಿದರ್ಶನವಿದೆ. ಪಾಲೊ ಆಲ್ಟೊ ಕೇಂದ್ರದಲ್ಲಿ 1974ರಲ್ಲಿ ಬ್ರಾವೊ ಎಂಬ ಬರವಣಿಗೆಯ ತಂತ್ರಾಂಶ ರೂಪುಗೊಂಡಿತು. ಅದರಲ್ಲಿ ಎರಡು ಸ್ಥಿತಿಗಳಿದ್ದವು. ಒಂದು ಸ್ಥಿತಿಯಲ್ಲಿ ಒತ್ತಿದ ಅಕ್ಷರವು ಅಕ್ಷರವಾಗಿಯೇ ಮೂಡುತ್ತಿತ್ತು. ಇನ್ನೊಂದರಲ್ಲಿ ಅದೇ ಅಕ್ಷರವು ಆಜ್ಞೆಯಾಗುತ್ತಿತ್ತು. ಸ್ಥಿತಿಯನ್ನು ಮರೆತು ಒಬ್ಬನು ‘ಎಡಿಟ್’ ಎಂಬ ಇಂಗ್ಲಿಷ್ ಪದವನ್ನು ಬರೆದರೆ, ಅದರ ಮೊದಲ ಅಕ್ಷರವಾದ ‘ಇ’ಯಿಂದ ಸಮಸ್ತ ಬರವಣಿಗೆಯೂ ಆಯ್ಕೆಯಾಗುತ್ತಿತ್ತು; ‘ಡಿ’ ಎಂಬುದು ಅದನ್ನೆಲ್ಲ ಅಳಿಸುತ್ತಿತ್ತು; ‘ಐ’ ಎಂಬುದು ಹೊಸದನ್ನು ಸೇರಿಸಲು ಅಣಿಮಾಡುತ್ತಿತ್ತು; ಕೊನೆಗೆ ‘ಟಿ’ ಎಂಬ ಒಂಟಿ ಅಕ್ಷರ ಬರಿದಾದ ಪರದೆಯ ಮೇಲೆ ಉಳಿಯುತ್ತಿತ್ತು! ಅಲ್ಲಿಯೇ ಕೆಲಸ ಮಾಡುತ್ತಿದ್ದ ಲ್ಯಾರಿ ಟೆಸ್ಲರ್ ಎಂಬ ವಿಜ್ಞಾನಿ ಇಂಥ ಅವಸ್ಥೆಯನ್ನು ನಿವಾರಿಸುವುದನ್ನೇ ತಮ್ಮ ಬಾಳಿನ ವ್ರತವನ್ನಾಗಿ ಮಾಡಿಕೊಂಡರು. 2020ರಲ್ಲಿ ತೀರಿಕೊಂಡ ಅವರು ‘ಸ್ಥಿತಿಭೇದಗಳು ಬೇಡ’ ಎಂಬ ಅರ್ಥದ ಇಂಗ್ಲಿಷ್ ಮಾತನ್ನು ತಮ್ಮ ಕಾರಿನ ಸಂಖ್ಯಾಫಲಕದ ಮೇಲೆಯೂ ಬರೆಸಿದ್ದರು. ಬ್ರಾವೊದಲ್ಲಿ ಸ್ಥಿತಿಯನ್ನು ಮರೆತವನು ಬರೆಯುವವನೇ. ಫೋಕಸ್ ಕಳವಿನಲ್ಲಾದರೋ ಅವನು ಏನನ್ನೂ ಮರೆತಿರುವುದಿಲ್ಲ. ಅವನ ಬೆನ್ನ ಹಿಂದೆ ಯಂತ್ರವೇ ಸ್ಥಿತಿಯನ್ನು ಬದಲಿಸಿಬಿಡುತ್ತದೆ. ಆದ್ದರಿಂದ ಇಲ್ಲಿಯ ಅನ್ಯಾಯ ಹೆಚ್ಚಿನದು.

ಕಳೆದುಹೋದ ಬರವಣಿಗೆಯನ್ನು ಮತ್ತೆ ಬರೆಯಬಹುದು. ಆದರೆ ಚದುರಿದ ಮನಸ್ಸನ್ನು ಮತ್ತೆ ಕೂಡಿಸುವುದು ಅಷ್ಟು ಸುಲಭವಲ್ಲ. ಆಂಗ್ಲ ಕವಿ ಕೋಲ್‌ರಿಜ್ ತನ್ನ ‘ಕುಬ್ಲಾ ಖಾನ್’ ಕವಿತೆಯ ಬಗೆಗೆ ಹೇಳಿಕೊಂಡಿರುವ ಪ್ರಸಂಗ ಸಾಹಿತ್ಯಾಭ್ಯಾಸಿಗಳಿಗೆ ಪರಿಚಿತವಾದುದು. ಕನಸಿನಲ್ಲಿ ಹೊಳೆದ ಸುದೀರ್ಘ ಕವಿತೆಯನ್ನು ಅವನು ಬರೆದಿಡುತ್ತಿದ್ದಾಗ ಪೋರ್ಲಾಕ್ ಎಂಬ ಊರಿನಿಂದ ಯಾವನೋ ಒಬ್ಬ ವ್ಯವಹಾರದ ನಿಮಿತ್ತ ಬಂದು ಅವನನ್ನು ಹೊರಕ್ಕೆ ಕರೆದನಂತೆ. ಸುಮಾರು ಒಂದು ಗಂಟೆಯ ತರುವಾಯ ಹಿಂದಿರುಗಿ ಬಂದ ಕವಿಗೆ ಉಳಿದ ಸಾಲುಗಳೆಲ್ಲ ಮರೆತುಹೋಗಿದ್ದವಂತೆ. 1816ರಲ್ಲಿ ಅಚ್ಚಾದ ಆ ಕವಿತೆ 54 ಸಾಲುಗಳಲ್ಲಿಯೇ ನಿಂತಿದೆ. ಪೋರ್ಲಾಕಿನಿಂದ ಬಂದವನು ಒಮ್ಮೆ ಬಂದುಹೋದನು. ಇಂದಿನ ಪರದೆಯ ಮೇಲೆ ಅಂಥವರು ಗಂಟೆಗೆ ಹತ್ತು ಬಾರಿ ಬರುತ್ತಾರೆ.

ಮನಸ್ಸನ್ನು ಒಂದೆಡೆ ನಿಲ್ಲಿಸುವುದಕ್ಕೆ ನಮ್ಮ ಹಿರಿಯರು ‘ಅವಧಾನ’ ಎಂದರು. ಅದನ್ನೊಂದು ಕಲೆಯಾಗಿಯೂ ಬೆಳೆಸಿದರು. ಕನ್ನಡದಲ್ಲಿ ಆ ಕಲೆಗೆ ಮರುಜೀವ ಕೊಟ್ಟವರು ಶತಾವಧಾನಿ ಆರ್. ಗಣೇಶ್ ಅವರು. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಅವಧಾನಿಯನ್ನು ಸುತ್ತುವರಿದು ಕುಳಿತು ಪ್ರಶ್ನಿಸುತ್ತಾರೆ. ಒಬ್ಬರು ಸಮಸ್ಯೆಯ ಸಾಲನ್ನು ಕೊಡುತ್ತಾರೆ. ಒಬ್ಬರು ಪದಗಳನ್ನು ಕೊಟ್ಟು ಪದ್ಯವನ್ನು ಕೇಳುತ್ತಾರೆ. ಮತ್ತೊಬ್ಬರು ಅಕ್ಷರ ಅಕ್ಷರಕ್ಕೂ ನಿಷೇಧವನ್ನು ಒಡ್ಡುತ್ತಾರೆ. ಇವರೊಡನೆ ಅಪ್ರಸ್ತುತ ಪ್ರಸಂಗಿಯೆಂಬ ಒಬ್ಬರಿರುತ್ತಾರೆ. ಸಂಬಂಧವಿಲ್ಲದ ಮಾತುಗಳನ್ನು ನಡುನಡುವೆ ಎತ್ತಿ ಅವಧಾನಿಯ ಏಕಾಗ್ರತೆಯನ್ನು ಕೆಡಿಸಲು ಯತ್ನಿಸುವುದೇ ಅವರ ಕೆಲಸ. ಅವರ ಚೇಷ್ಟೆಯಿಂದ ಸಭೆಗೆ ನಗು, ಅವಧಾನಿಯ ಸಮಯಸ್ಫೂರ್ತಿಯಿಂದ ಸಭೆಗೆ ಬೆರಗು. ಆದರೆ ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಆ ಅಪ್ರಸ್ತುತ ಪ್ರಸಂಗಿಯು ಆಹ್ವಾನಿತನು. ಅವಧಾನಿಯು ಅವನನ್ನು ಒಪ್ಪಿಕೊಂಡೇ ವೇದಿಕೆಯನ್ನು ಏರಿರುತ್ತಾನೆ. ಎರಡನೆಯದಾಗಿ, ಅದನ್ನು ಎದುರಿಸಲು ಅವಧಾನಿಯು ಹಲವು ವರ್ಷಗಳ ಸಾಧನೆ ಮಾಡಿರುತ್ತಾನೆ. ಪರೀಕ್ಷೆಯ ಅರ್ಜಿಯನ್ನು ತುಂಬಲು ಕುಳಿತ ವಿದ್ಯಾರ್ಥಿಯೂ ಪಿಂಚಣಿಯ ಪತ್ರವನ್ನು ಓದಲು ಕುಳಿತ ವೃದ್ಧರೂ ಅವಧಾನಕ್ಕೆ ಕುಳಿತವರಲ್ಲ. ಅವರ ಎದುರಿಗೆ ಅಪ್ರಸ್ತುತ ಪ್ರಸಂಗಿಯನ್ನು ತಂದು ಕೂರಿಸುವ ಅಧಿಕಾರವನ್ನು ಯಂತ್ರಕ್ಕೆ ಯಾರೂ ಕೊಟ್ಟಿಲ್ಲ.

ಹಾಗಾದರೆ ಈ ಕಿಟಕಿಗಳು ಏಕೆ ಏಳುತ್ತವೆ? ಕೆಲವಕ್ಕೆ ವ್ಯಾಪಾರವೇ ಮೂಲ. 1990ರ ದಶಕದಲ್ಲಿ ಟ್ರೈಪಾಡ್ ಎಂಬ ಜಾಲತಾಣದಲ್ಲಿ ಕೆಲಸ ಮಾಡುತ್ತಿದ್ದ ಈತನ್ ಜುಕರ್‌ಮನ್ ಎಂಬವರು ಜಾಹೀರಾತನ್ನು ಪ್ರತ್ಯೇಕ ಕಿಟಕಿಯಲ್ಲಿ ತೆರೆಯುವ ವಿಧಾನವನ್ನು ರಚಿಸಿದರು. ಅಶ್ಲೀಲವಾದ ಪುಟವೊಂದರ ಮೇಲೆ ತನ್ನ ಜಾಹೀರಾತು ಕಾಣಿಸಿಕೊಂಡಿತೆಂದು ಜಾಹೀರಾತುದಾರ ಸಂಸ್ಥೆಯೊಂದು ಆಕ್ಷೇಪಿಸಿದ್ದರಿಂದ, ಪುಟಕ್ಕೂ ಜಾಹೀರಾತಿಗೂ ನಂಟಿಲ್ಲವೆಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಉದ್ದೇಶ ಸಣ್ಣದು, ಪರಿಣಾಮ ದೊಡ್ಡದು. ಒಂದನ್ನು ಮುಚ್ಚಿದರೆ ಮತ್ತೆರಡು ತೆರೆಯುವ ಜಾಹೀರಾತುಗಳು ಅಂತರಜಾಲವನ್ನೆಲ್ಲ ವ್ಯಾಪಿಸಿದವು. 2014ರಲ್ಲಿ ಜುಕರ್‌ಮನ್ ಅವರು ಲೇಖನವೊಂದನ್ನು ಬರೆದು, ತಮ್ಮ ಉದ್ದೇಶ ಕೆಟ್ಟದ್ದಾಗಿರಲಿಲ್ಲವೆಂದು ತಿಳಿಸಿ ಕ್ಷಮೆ ಕೋರಿದರು. ತಪ್ಪನ್ನು ಹೀಗೆ ಮುಕ್ತವಾಗಿ ಒಪ್ಪಿಕೊಂಡದ್ದು ಅವರಿಗೆ ಭೂಷಣವೇ ಸರಿ. ಅಷ್ಟರಲ್ಲಿ ಜಾಲವನ್ನು ತೋರಿಸುವ ತಂತ್ರಾಂಶಗಳೇ ಇಂಥ ಕಿಟಕಿಗಳನ್ನು ತಡೆಯಲು ಮುಂದಾಗಿದ್ದವು. 2004ರ ವೇಳೆಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೂ ಆ ತಡೆ ಬಂದಿತ್ತು. ಹೊರಗಿನ ಬಾಗಿಲನ್ನು ಮುಚ್ಚಿದೊಡನೆ ಜಾಹೀರಾತುಗಳು ಒಳಗಿನ ಬಾಗಿಲನ್ನು ಹಿಡಿದವು. ಈಗ ಅವು ಬೇರೆ ಕಿಟಕಿಯಾಗಿ ಏಳದೆ ಓದುವ ಪುಟದ ಮೇಲೆಯೇ ಹೊದಿಕೆಯಂತೆ ಹರಡಿಕೊಳ್ಳುತ್ತವೆ.

ಇನ್ನು ಕೆಲವು ಕಿಟಕಿಗಳಿಗೆ ಹಿತಚಿಂತನೆಯೇ ಮೂಲ. ಅವು ಎಚ್ಚರಿಸುತ್ತವೆ, ಅನುಮತಿ ಕೇಳುತ್ತವೆ. ಆದರೆ ಹಿತವೂ ಮಿತಿ ಮೀರಿದರೆ ಅಹಿತವಾಗುತ್ತದೆ. 2007ರಲ್ಲಿ ಬಂದ ವಿಂಡೋಸ್ ವಿಸ್ತಾ ಇದಕ್ಕೆ ಸಾಕ್ಷಿ. ದುಷ್ಟ ತಂತ್ರಾಂಶಗಳು ಗುಟ್ಟಾಗಿ ಯಂತ್ರವನ್ನು ಬದಲಿಸದಿರಲೆಂದು, ಮುಖ್ಯವಾದ ಪ್ರತಿಯೊಂದು ಬದಲಾವಣೆಗೂ ಅದು ಒಡೆಯನ ಒಪ್ಪಿಗೆಯನ್ನು ಕೇಳತೊಡಗಿತು. ಪದೇ ಪದೇ ಬಂದ ಪ್ರಶ್ನೆಗಳಿಂದ ಜನರು ರೋಸಿಹೋದರು. 2009ರ ವಿಂಡೋಸ್ 7ರಲ್ಲಿ ಈ ಪ್ರಶ್ನೆಗಳನ್ನು ಕಡಿಮೆ ಮಾಡಬೇಕಾಯಿತು. ಇಲ್ಲಿರುವುದು ಬರಿಯ ಕಿರಿಕಿರಿಯಲ್ಲ. ‘ಹುಲಿ ಬಂತು ಹುಲಿ’ ಎಂದು ಸುಮ್ಮಸುಮ್ಮನೆ ಕೂಗಿದ ಹುಡುಗನ ಕಥೆಯನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ನೂರು ಪ್ರಶ್ನೆಗಳಿಗೆ ಓದದೆ ‘ಹೌದು’ ಎಂದವನು ನೂರ ಒಂದನೆಯದಕ್ಕೂ ಓದದೆಯೇ ‘ಹೌದು’ ಎನ್ನುತ್ತಾನೆ. ಆ ನೂರ ಒಂದನೆಯದೇ ನಿಜವಾದ ಹುಲಿಯಾಗಿರಬಹುದು. ‘ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕೂಡಲೇ ಕರೆಮಾಡಿ’ ಎಂದು ಪರದೆಯ ತುಂಬ ಹೆದರಿಸಿ ಹಣ ಕೀಳುವ ವಂಚಕರು ನಂಬಿರುವುದು ಈ ಅಭ್ಯಾಸಬಲವನ್ನೇ. ಪ್ರಾಮಾಣಿಕ ತಂತ್ರಾಂಶವು ನುಗ್ಗಿ ಬರುವುದನ್ನು ರೂಢಿ ಮಾಡಿದ್ದರಿಂದಲೇ ವಂಚಕನ ನುಗ್ಗುವಿಕೆಯೂ ಸಹಜವೆಂಬಂತೆ ಕಾಣುತ್ತದೆ. ನೆಮ್ಮದಿ ಕೆಟ್ಟರೆ ಒಂದು ದಿನದ ನಷ್ಟ. ಎಚ್ಚರ ಕೆಟ್ಟರೆ ಜೀವಮಾನದ ಗಳಿಕೆಯೇ ಹೋದೀತು.

ಹೀಗೆಂದ ಮಾತ್ರಕ್ಕೆ ಯಂತ್ರವು ಎಂದೂ ಬಾಯಿ ತೆರೆಯಬಾರದೆಂದು ವಾದಿಸಲಾಗದು. ಬ್ಯಾಟರಿಯ ವಿದ್ಯುತ್ತು ಇನ್ನೇನು ಮುಗಿಯಲಿದೆ ಎಂದಾಗ, ಅಳಿಸಿದರೆ ಮತ್ತೆ ದೊರೆಯದ ಕಡತವೊಂದನ್ನು ಅಳಿಸಹೊರಟಾಗ ಎಚ್ಚರಿಸುವುದು ಅದರ ಕರ್ತವ್ಯ. ಮನೆಗೆ ಬೆಂಕಿ ಬಿದ್ದಾಗ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವುದು ಸೌಜನ್ಯವಲ್ಲ. ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿಯನ್ನು ಐದು ಬಾರಿ ಒತ್ತಿದರೆ ಏಳುವ ಪ್ರಶ್ನೆ ಅನೇಕರಿಗೆ ಉಪದ್ರವವಾಗಿ ಕಂಡಿದೆ. ಆದರೆ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಲಾಗದ ಅಂಗವಿಕಲರಿಗೆ ಒಂದೊಂದಾಗಿ ಒತ್ತುವ ಅನುಕೂಲವನ್ನು ಕಲ್ಪಿಸುವ ದ್ವಾರ ಅದು. ಅಂಥದನ್ನು ಕಿತ್ತುಹಾಕುವುದು ಹೃದಯಹೀನತೆಯಾಗುತ್ತದೆ. ಆದಕಾರಣ ಪ್ರಶ್ನೆಯಿರುವುದು ಯಂತ್ರವು ಮಾತನಾಡಬೇಕೆ ಬೇಡವೆ ಎಂಬುದರಲ್ಲಿ ಅಲ್ಲ. ಯಾವಾಗ, ಎಲ್ಲಿ, ಹೇಗೆ ಮಾತನಾಡಬೇಕು ಎಂಬುದರಲ್ಲಿ.

ಇದಕ್ಕೆ ಉತ್ತರ ಅಸಾಧ್ಯವೇನೂ ಅಲ್ಲ. ಹಿಂಬದಿಯಲ್ಲಿರುವ ತಂತ್ರಾಂಶವು ತನ್ನಿಷ್ಟದಂತೆ ಮುಂದಕ್ಕೆ ನುಗ್ಗುವುದನ್ನು ವಿಂಡೋಸ್ 98 ಮತ್ತು ವಿಂಡೋಸ್ 2000 ಆವೃತ್ತಿಗಳಲ್ಲಿಯೇ ನಿರ್ಬಂಧಿಸಲಾಯಿತು. ಅದರ ಬದಲು ಪರದೆಯ ಅಂಚಿನಲ್ಲಿ ಅದರ ಗುಂಡಿ ಮಿನುಗುವಂತೆ ಮಾಡಲಾಯಿತು. ಬಾಗಿಲಲ್ಲಿ ನಿಂತು ಕೆಮ್ಮಿದಂತೆ ಅದು. ಲಿನಕ್ಸ್ ಬಳಸುವವರಿಗೆ ಪರಿಚಿತವಾದ ಕೆಡಿಇ ವ್ಯವಸ್ಥೆಯಲ್ಲಿ ಈ ಕಳವನ್ನು ಎಷ್ಟರಮಟ್ಟಿಗೆ ತಡೆಯಬೇಕೆಂಬುದನ್ನು ಬಳಸುವವನೇ ನಿರ್ಧರಿಸಬಹುದು. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ, ಹೊಸದಾಗಿ ಸೇರಿಸಿದ ತಂತ್ರಾಂಶವು ದೂರವಾಣಿಯ ಪರದೆಯ ಮೇಲೆ ಸೂಚನೆಗಳನ್ನು ತೋರಿಸಬೇಕಾದರೆ ಮೊದಲು ಒಡೆಯನ ಅಪ್ಪಣೆ ಪಡೆಯಬೇಕು. ಇಷ್ಟಾದರೂ ಬೇಲಿಯಲ್ಲಿ ಸಂದು ಹುಡುಕುವವರು ಇದ್ದೇ ಇದ್ದಾರೆ. ತನ್ನ ಸಂದೇಶವೇ ಎಲ್ಲಕ್ಕಿಂತ ಮುಖ್ಯವೆಂದು ಪ್ರತಿಯೊಂದು ತಂತ್ರಾಂಶದ ಕರ್ತೃವೂ ಭಾವಿಸುವವರೆಗೆ ನಿಯಮದಿಂದ ಮಾತ್ರ ಈ ರೋಗ ವಾಸಿಯಾಗದು.

ಮ್ಯಾಕಿಂಟಾಷ್ ಯೋಜನೆಯನ್ನು 1979ರಲ್ಲಿ ಆರಂಭಿಸಿದ ಜೆಫ್ ರಾಸ್ಕಿನ್ ಅವರು ಮುಂದೆ ಒಂದು ಗ್ರಂಥವನ್ನೇ ಬರೆದು, ಮನುಷ್ಯನ ಗಮನವು ಏಕಕಾಲಕ್ಕೆ ಒಂದೇ ಕಡೆ ನಿಲ್ಲಬಲ್ಲುದೆಂಬ ಸತ್ಯದ ಮೇಲೆ ಯಂತ್ರಗಳ ರಚನೆ ನಿಲ್ಲಬೇಕೆಂದು ವಾದಿಸಿದರು. ಬಳಸುವವನ ಕೆಲಸಕ್ಕೆ ಯಂತ್ರದಿಂದ ಹಾನಿ ತಟ್ಟಬಾರದೆಂಬುದು ಅವರ ಮೊದಲ ಸೂತ್ರ. ಈ ಸೂತ್ರವನ್ನು ಒಪ್ಪಿದರೆ ಉಳಿದ ವಿಧಿಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಬರೆಯುವವನ ಬೆರಳು ಓಡುತ್ತಿರುವಾಗ ಅಕ್ಷರಗಳ ದಿಕ್ಕನ್ನು ಯಾವ ತಂತ್ರಾಂಶವೂ ತಿರುಗಿಸಕೂಡದು. ಅವಸರವಿಲ್ಲದ ಸುದ್ದಿ ಪರದೆಯ ಅಂಚಿನಲ್ಲಿ ಕಾದಿರಬೇಕು. ಅವಸರದ ಪ್ರಶ್ನೆಯನ್ನು ಕೇಳಲೇಬೇಕಾದಾಗ, ಆಕಸ್ಮಿಕವಾಗಿ ಬಿದ್ದ ಬೆರಳು ಅದಕ್ಕೆ ಉತ್ತರವಾಗಬಾರದು. ‘ಖಂಡಿತವಾಗಿಯೂ ಮಾಡಲೆ?’ ಎಂದು ಮೊದಲೇ ಹತ್ತು ಸಲ ಕೇಳುವುದಕ್ಕಿಂತ, ಮಾಡಿದ್ದನ್ನು ಹಿಂತೆಗೆದುಕೊಳ್ಳುವ ದಾರಿಯನ್ನು ತೆರೆದಿಡುವುದು ಲೇಸು. ತಪ್ಪು ಮಾಡುವುದು ಮನುಷ್ಯಸ್ವಭಾವ. ಅದನ್ನು ತಿದ್ದಿಕೊಳ್ಳಲು ಆಸ್ಪದ ಕೊಡುವುದು ಒಳ್ಳೆಯ ಯಂತ್ರದ ಲಕ್ಷಣ.

ಇದೆಲ್ಲ ದೂರದ ಅಮೆರಿಕದ ವಿಚಾರವೆಂದು ಕನ್ನಡದ ವಿದ್ಯಾರ್ಥಿಗಳು ತಿಳಿಯಬೇಕಾಗಿಲ್ಲ. ವಿಂಡೋಸ್ ಹುಟ್ಟಿದ 1985ರಲ್ಲಿಯೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ಸ್ಥಾಪಿಸಿತು. ಅಂದಿನಿಂದ ಈಚೆಗೆ ಆ ನಗರ ತಂತ್ರಾಂಶ ರಚನೆಯ ದೊಡ್ಡ ನೆಲೆಯಾಗಿ ಬೆಳೆದಿದೆ. ಜಗತ್ತಿನ ಯಾವುದೋ ಮೂಲೆಯ ಪರದೆಯ ಮೇಲೆ ಏಳುವ ಕಿಟಕಿಯೊಂದನ್ನು ರಚಿಸುತ್ತಿರುವವರು ಇಲ್ಲಿಯ ಹಳ್ಳಿಯ ಶಾಲೆಯೊಂದರಲ್ಲಿ ಓದಿ ಹೋದವರೇ ಆಗಿರಬಹುದು. ಇಂದು ಒಂಬತ್ತನೆಯ ತರಗತಿಯ ಬೆಂಚಿನ ಮೇಲೆ ಕುಳಿತವರಲ್ಲಿ ಕೆಲವರು ನಾಳೆ ಆ ಕೆಲಸವನ್ನು ಕೈಗೊಳ್ಳಲಿದ್ದಾರೆ. ಆಗ ಅವರ ಮುಂದೆ ಎರಡು ದಾರಿಗಳಿರುತ್ತವೆ: ನೋಡುಗನ ಕಣ್ಣಿಗೆ ಕೈ ಅಡ್ಡ ಹಿಡಿದು ‘ಮೊದಲು ನನ್ನನ್ನು ನೋಡು’ ಎನ್ನುವುದು ಒಂದು, ಅವನ ಕೆಲಸ ಮುಗಿಯುವವರೆಗೆ ಕಾದು ಹೇಳಬೇಕಾದುದನ್ನು ಹೇಳುವುದು ಇನ್ನೊಂದು. ಮೊದಲನೆಯದರಿಂದ ಒಂದು ಕ್ಷಣದ ಗಮನ ದೊರೆತೀತು. ಎರಡನೆಯದರಿಂದ ದೊರೆಯುವುದು ವಿಶ್ವಾಸ.

ಯಂತ್ರಕ್ಕೆ ತನ್ನದೇ ಆದ ಸ್ವಭಾವವಿಲ್ಲ. ಅದನ್ನು ರಚಿಸಿದವರ ಸ್ವಭಾವವೇ ಅದರಲ್ಲಿ ಇಳಿದಿರುತ್ತದೆ. ಬಾಗಿಲಲ್ಲಿ ಸೂಚನಾ ಪುಸ್ತಕವನ್ನು ಹಿಡಿದು ನಿಂತ ಜವಾನನು ತಂತ್ರಜ್ಞಾನವನ್ನು ಓದಿದವನಲ್ಲ. ಆದರೆ ತಾನು ತಂದ ಸುದ್ದಿ ಎಷ್ಟೇ ದೊಡ್ಡದಾಗಿರಲಿ, ತರಗತಿಯಲ್ಲಿ ನಡೆಯುತ್ತಿರುವ ಪಾಠ ಅದಕ್ಕಿಂತ ಕಿರಿದಲ್ಲವೆಂಬುದನ್ನು ಅವನು ಬಲ್ಲನು. ಅವನು ಬಲ್ಲ ಆ ವಿಷಯವನ್ನು ಯಂತ್ರಕ್ಕೂ ಕಲಿಸಬೇಕಾಗಿದೆ. ಕಲಿಸಬೇಕಾದವರು ಅದನ್ನು ಮೊದಲು ತಾವು ಕಲಿತಿರಬೇಕು.